ಗಾಲ್ಫ್: ವೆಜ್ ಹೊಡೆತಕ್ಕೆ ಸ್ಪಿನ್ ಹೆಚ್ಚಿಸುವುದು ಹೇಗೆ? ಗ್ರೀನ್ ಮೇಲೆ ಬಿದ್ದ ಚೆಂಡು ನಿಲ್ಲುವುದೇ ಇಲ್ಲ

ಬಂಗಾರಪೇಟೆ ಬೋಗಿ

ಎಲ್ಲರಿಗೂ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಗಾಲ್ಫ್ ಆಡುವವರು ಬೆರಳೆಣಿಕೆಯಷ್ಟೇ ಇದ್ದರೂ ಅವರಲ್ಲಿ ಹೆಚ್ಚಿನವರು ಇಲ್ಲಿದ್ದೀರಿ ಎಂಬ ಭರವಸೆಯಿಂದ ಕೇಳುತ್ತಿದ್ದೇನೆ. ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 17ರ ಆಸುಪಾಸಿನಲ್ಲಿದೆ. ಟೀ ಹೊಡೆತದ (ಹೋಲ್‌ನ ಮೊದಲ ಹೊಡೆತದ) ಬಗ್ಗೆಯಾಗಲಿ ಐರನ್‌ಗಳ ಬಗ್ಗೆಯಾಗಲಿ ನನಗೆ ದೊಡ್ಡ ದೂರುಗಳಿಲ್ಲ. ತೊಡಕು ಇರುವುದು 50ರಿಂದ 90 ಗಜದ ನಡುವೆ. 56 ಡಿಗ್ರಿ ವೆಜ್‌ನಿಂದ (ಮುಖ ಹೆಚ್ಚು ಓರೆಯಾದ, ಹತ್ತಿರದ ಹೊಡೆತದ ಕ್ಲಬ್) ಹೊಡೆದ ಚೆಂಡು ಪಿನ್‌ನ (ಹೋಲ್‌ನ ಬಾವುಟದ ಕೋಲಿನ) ಹತ್ತಿರವೇ ಬೀಳುತ್ತದೆ, ಆದರೆ ಬಿದ್ದ ಮೇಲೆ ನಿಲ್ಲದೆ ಓಡಿ ಗ್ರೀನ್‌ನ (ಹೋಲ್ ಸುತ್ತಲಿನ ನುಣುಪು ಹುಲ್ಲಿನ) ಹಿಂಬದಿಯ ಹುಲ್ಲಿಗೆ ಸೇರಿಬಿಡುತ್ತದೆ. ಟಿವಿಯಲ್ಲಿ ಕಾಣುವಂತೆ ಹಿಂದಕ್ಕೆ ಎಳೆದುಕೊಂಡು ಬರಬೇಕೆಂಬ ಆಸೆ ನನಗಿಲ್ಲ. ಎರಡನೆಯ ಪುಟಿತಕ್ಕಾದರೂ ತಡೆದರೆ ಸಾಕು.

ಜೊತೆಯಲ್ಲಿ ಆಡುವವರು ಕೊಟ್ಟ ಸಲಹೆ ಒಂದೇ: ಚೆಂಡಿನ ಮೇಲೆ ಇನ್ನೂ ಕಡಿದಾಗಿ, ಇನ್ನೂ ಜೋರಾಗಿ ಇಳಿಸು, ದೊಡ್ಡ ಡಿವಟ್ (ಕ್ಲಬ್ ಕಿತ್ತೆತ್ತುವ ಹುಲ್ಲುಹೆಂಟೆ) ಎದ್ದರೆ ಸ್ಪಿನ್ ತಾನಾಗಿ ಬರುತ್ತದೆ. ಇನ್ನೊಬ್ಬರು 60 ಡಿಗ್ರಿ ವೆಜ್ ಕೊಳ್ಳಲು ಹೇಳುತ್ತಿದ್ದಾರೆ. ಹಣ ಹಾಕುವ ಮೊದಲು ಸ್ಪಿನ್ ಎನ್ನುವುದು ನಿಜಕ್ಕೂ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕೆನಿಸಿದೆ.

ಮಾಲೂರು ಇಂಜಿನಿಯರ್

ಹಣ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಕಡಿದಾಗಿ ಇಳಿಸು ಎನ್ನುವ ಸಲಹೆ ನಮ್ಮ ಕಡೆಯ ಪ್ರತಿಯೊಂದು ಅಂಗಳದಲ್ಲೂ ಕೇಳಿಬರುತ್ತದೆ ಮತ್ತು ಅದು ಅರ್ಧ ಮಾತ್ರ ನಿಜ.

ಚೆಂಡು ಕ್ಲಬ್‌ನ ಮುಖವನ್ನು ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರೊಳಗೆ ಅದು ಓರೆಯಾದ ಮುಖದ ಮೇಲೆ ಮೊದಲು ಜಾರಲು ತೊಡಗುತ್ತದೆ, ನಂತರ ಘರ್ಷಣೆ ಸಾಕಷ್ಟಿದ್ದರೆ ಜಾರುವುದನ್ನು ಬಿಟ್ಟು ಮುಖವನ್ನು ಕಚ್ಚಿ ಉರುಳತೊಡಗುತ್ತದೆ. ಬ್ಯಾಕ್‌ಸ್ಪಿನ್ (ಚೆಂಡಿನ ಹಿಮ್ಮುಖ ಸುತ್ತು) ಹುಟ್ಟುವುದು ಈ ಕಚ್ಚುವಿಕೆಯಿಂದ. ಅದರ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ಕ್ಲಬ್‌ನ ತಲೆಯ ವೇಗ, ಸ್ಪಿನ್ ಲಾಫ್ಟ್, ಮತ್ತು ಮುಖಕ್ಕೂ ಚೆಂಡಿಗೂ ನಡುವಿನ ಘರ್ಷಣೆ.

ಸ್ಪಿನ್ ಲಾಫ್ಟ್ ಎಂದರೆ ಹೊಡೆತದ ಕ್ಷಣದಲ್ಲಿ ಮುಖ ಎಷ್ಟು ಮೇಲಕ್ಕೆ ನೋಡುತ್ತಿದೆ ಎಂಬುದಕ್ಕೂ ಕ್ಲಬ್ ಎಷ್ಟು ಕೆಳಮುಖವಾಗಿ ಚಲಿಸುತ್ತಿದೆ ಎಂಬುದಕ್ಕೂ ಇರುವ ಅಂತರ. ಲೆಕ್ಕ ಹಾಕಿ ನೋಡಿ. ನಿಮ್ಮ 56 ಡಿಗ್ರಿ ವೆಜ್ ಅನ್ನು ಕೈಗಳು ಸ್ವಲ್ಪ ಮುಂದಿರುವಂತೆ ಹೊಡೆದಾಗ ಅದರ ಲಾಫ್ಟ್ (ಮುಖದ ಓರೆ) ವಾಸ್ತವದಲ್ಲಿ 46 ಡಿಗ್ರಿಗೆ ಇಳಿದಿದೆ ಎಂದುಕೊಳ್ಳೋಣ. ಕ್ಲಬ್ 6 ಡಿಗ್ರಿ ಕೆಳಮುಖವಾಗಿ ಬರುತ್ತಿದ್ದರೆ ಸ್ಪಿನ್ ಲಾಫ್ಟ್ 52 ಡಿಗ್ರಿ. ಈಗ ಸ್ನೇಹಿತರ ಸಲಹೆಯಂತೆ 10 ಡಿಗ್ರಿ ಕಡಿದಾಗಿ ಇಳಿಸಿದಿರಿ. ಹಾಗೆ ಇಳಿಸುವಾಗ ಕೈಗಳೂ ಶಾಫ್ಟ್ (ಕ್ಲಬ್‌ನ ಕೋಲು) ಕೂಡ ಇನ್ನಷ್ಟು ಮುಂದಕ್ಕೆ ವಾಲುವುದರಿಂದ ಲಾಫ್ಟ್ 42ಕ್ಕೆ ಇಳಿಯುತ್ತದೆ. 42 ಮತ್ತು 10 ಕೂಡಿದರೆ ಮತ್ತೆ ಅದೇ 52. ಚೆಂಡು ತಗ್ಗಾಗಿ ಹೊರಟಿತು, ಡಿವಟ್ ದೊಡ್ಡದಾಯಿತು, ಸ್ಪಿನ್ ಮಾತ್ರ ಇದ್ದಲ್ಲೇ ಇತ್ತು. ಕೆಳಮುಖವಾದ ಹೊಡೆತದಿಂದ ಆಗುವ ನಿಜವಾದ ಉಪಕಾರವೆಂದರೆ ಕ್ಲಬ್ ಹುಲ್ಲನ್ನು ಮುಟ್ಟುವ ಮೊದಲು ಚೆಂಡನ್ನು ಮುಟ್ಟುತ್ತದೆ ಎನ್ನುವುದು. ಅದಕ್ಕೆ 5-6 ಡಿಗ್ರಿ ಸಾಕು, ಬಾವಿ ತೋಡುವ ಅಗತ್ಯವಿಲ್ಲ.

60 ಡಿಗ್ರಿಯ ಬಗ್ಗೆ: ಲಾಫ್ಟ್ ಹೆಚ್ಚಿದಂತೆ ಸ್ಪಿನ್ ಒಂದು ಹಂತದವರೆಗೆ ಹೆಚ್ಚುತ್ತದೆ. ಅದರಾಚೆ ಮುಖ ಎಷ್ಟು ಓರೆಯಾಗುತ್ತದೆಂದರೆ ಚೆಂಡಿಗೆ ಕಚ್ಚಲು ಬೇಕಾದ ಒತ್ತಡವೇ ಸಿಗುವುದಿಲ್ಲ. ಅದು ಕೊನೆಯವರೆಗೂ ಜಾರುತ್ತಾ ಮೇಲಕ್ಕೆ ತೇಲಿ ಹೋಗುತ್ತದೆ. ಹಾಗಾಗಿ 60 ಡಿಗ್ರಿ ವೆಜ್‌ನ ಮುಖವನ್ನು ಪೂರ್ತಿ ತೆರೆದು ಹೊಡೆದ ಎತ್ತರದ ಹೊಡೆತಕ್ಕಿಂತ 56ರಿಂದ ತಗ್ಗಾಗಿ ಹೊರಟ ಹೊಡೆತ ಹೆಚ್ಚು ಸ್ಪಿನ್ ಪಡೆದಿರುವುದು ಸಾಮಾನ್ಯ.

ವೃತ್ತಿಪರರ ಅಂಕಿಗಳು ಒಂದು ಅಳತೆಗೋಲಾಗಿ ಇರಲಿ. ಅಮೆರಿಕದ ಪಿಜಿಎ ಟೂರ್‌ನ ಆಟಗಾರರ ಪಿಚಿಂಗ್ ವೆಜ್ ಹೊಡೆತದ ಸರಾಸರಿ ಸ್ಪಿನ್ ನಿಮಿಷಕ್ಕೆ ಸುಮಾರು 9300 ಸುತ್ತು ಎಂದು ಟ್ರ್ಯಾಕ್‌ಮ್ಯಾನ್ ಎಂಬ ರೇಡಾರ್ ಸಾಧನದ ಅಳತೆಗಳು ತೋರಿಸಿವೆ, ಅದು ಹೊರಡುವ ಕೋನ ಸುಮಾರು 24 ಡಿಗ್ರಿ. ಅದೇ ಆಟಗಾರರ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹೊಡೆತದಲ್ಲಿ ಸ್ಪಿನ್ 2700ರ ಆಸುಪಾಸಿನಲ್ಲಿರುತ್ತದೆ. ಪೂರ್ತಿ ವೇಗದ ಹೊಡೆತದ ಅಂಕಿ ಅದು ಎನ್ನುವುದನ್ನು ಮರೆಯಬೇಡಿ. 50 ಗಜದ ಅರೆ ಹೊಡೆತದಲ್ಲಿ ಅಷ್ಟನ್ನು ಅವರೂ ಪಡೆಯುವುದಿಲ್ಲ.

ಹಳೆಯ ಕ್ಯಾಡಿ, ನಂದಿ

ಇಂಜಿನಿಯರ್ ಅವರು ಹೇಳಿದ ಮೂರು ಸಂಗತಿಗಳಲ್ಲಿ ಕೊನೆಯದನ್ನು ನಾನು ಮೊದಲಿಗೆ ತರುತ್ತೇನೆ. ನಂದಿಬೆಟ್ಟದ ತಪ್ಪಲಿನಲ್ಲೂ ಬೆಂಗಳೂರಿನ ಅಂಗಳಗಳಲ್ಲೂ ವರ್ಷಗಟ್ಟಲೆ ಬೇರೆಯವರ ಚೀಲ ಹೊತ್ತವನು ನಾನು. ಸ್ಪಿನ್ ಇಲ್ಲವೆಂದು ಕೊರಗುವ ಸದಸ್ಯರ ವೆಜ್ ಅನ್ನು ಕೈಗೆ ತೆಗೆದುಕೊಂಡರೆ ಹತ್ತರಲ್ಲಿ ಎಂಟು ಸಲ ಅದರ ಗ್ರೂವ್‌ಗಳಲ್ಲಿ (ಮುಖದ ಮೇಲಿನ ಅಡ್ಡಗೀರುಗಳಲ್ಲಿ) ಹಿಂದಿನ ವಾರದ ಕೆಮ್ಮಣ್ಣು ಒಣಗಿ ಗಟ್ಟಿಯಾಗಿ ಕುಳಿತಿರುತ್ತದೆ. ಆ ಕ್ಲಬ್‌ಗೆ ಗ್ರೂವ್ ಇದ್ದೂ ಇಲ್ಲದ ಹಾಗೆ.

ಗ್ರೂವ್‌ಗಳು ಚೆಂಡನ್ನು ಹಲ್ಲುಗಳಂತೆ ಹಿಡಿದು ತಿರುಗಿಸುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಒಣಗಿದ, ಚೊಕ್ಕಟವಾದ ಫೇರ್‌ವೇಯ (ಹುಲ್ಲನ್ನು ಗಿಡ್ಡಗೆ ಕತ್ತರಿಸಿದ ಹಾದಿಯ) ಮೇಲೆ ಅವುಗಳ ಪಾತ್ರ ಅಷ್ಟೇನೂ ದೊಡ್ಡದಲ್ಲ. ಅವು ಇರುವುದು ನೀರು, ಹುಲ್ಲಿನ ರಸ, ಮಣ್ಣು ಇವುಗಳಿಗೆ ಪಕ್ಕಕ್ಕೆ ಸರಿಯಲು ಜಾಗ ಮಾಡಿಕೊಡಲು. ಮಣ್ಣು ತುಂಬಿದ್ದರೆ ಆ ನೀರು ಮುಖದ ಮೇಲೆಯೇ ಉಳಿದು ಚೆಂಡಿಗೂ ಲೋಹಕ್ಕೂ ನಡುವೆ ಪದರವಾಗಿ ನಿಲ್ಲುತ್ತದೆ.

ನಮ್ಮ ಸೀಮೆಯಲ್ಲಿ ಮಾರ್ಗಶಿರದಿಂದ ಮಾಘದವರೆಗೆ ಬೆಳಗಿನ ಇಬ್ಬನಿ ಎಷ್ಟು ದಟ್ಟವಾಗಿ ಬೀಳುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿ ಪಂದ್ಯದ ಎರಡನೆಯ ಇನ್ನಿಂಗ್ಸ್‌ನಲ್ಲಿ ಇಬ್ಬನಿ ಬಿದ್ದ ಮೇಲೆ ಎಂತಹ ಸ್ಪಿನ್ನರ್‌ಗೂ ಚೆಂಡು ಕೈಯಿಂದ ಜಾರುವ ಹಾಗೆಯೇ ಇದು. ಆರೂವರೆಗೆ ಆಟ ಶುರುಮಾಡುವ ಟೀ ಸಮಯ ಪಡೆದವರು ಮೊದಲ ಆರು ಹೋಲ್‌ಗಳಲ್ಲಿ ಸ್ಪಿನ್ ನಿರೀಕ್ಷಿಸುವುದೇ ತಪ್ಪು. ಆ ಹೊತ್ತಿನಲ್ಲಿ ಚೆಂಡು ಎಂದಿಗಿಂತ ಎತ್ತರವಾಗಿ ಹೊರಟು, ಎಂದಿಗಿಂತ ಹೆಚ್ಚು ಓಡುತ್ತದೆ. ಎತ್ತರವಾಗಿ ಹೊರಟಿದ್ದನ್ನು ನೋಡಿ ಆಟಗಾರ ಒಳ್ಳೆಯ ಹೊಡೆತವೆಂದು ಸಂತೋಷಪಡುತ್ತಾನೆ. ಕ್ಯಾಡಿಗೆ ಅದು ಜಾರಿದೆ ಎಂದು ಅದು ಗಾಳಿಯಲ್ಲಿರುವಾಗಲೇ ಗೊತ್ತಾಗುತ್ತದೆ.

ಬೋಗಿ ಅವರೇ, ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಯಾವ ಬಗೆಯ ಚೆಂಡು? ವೆಜ್ ಎಷ್ಟು ಹಳೆಯದು? ಚೀಲದಲ್ಲಿ ಒಣಗಿದ ಟವೆಲ್ ಇದೆಯೇ?

ಬಂಗಾರಪೇಟೆ ಬೋಗಿ

ಚೆಂಡು ಎರಡು ಪದರದ್ದು, ದೂರ ಹೋಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವ ಬಗೆ. ಕೆಲವೊಮ್ಮೆ ಕೊಳದಿಂದ ಹೆಕ್ಕಿ ಮಾರುವ ಚೆಂಡುಗಳನ್ನೂ ಬಳಸುತ್ತೇನೆ. ವೆಜ್ ಅನ್ನು ಬೆಂಗಳೂರಿನ ಆಟಗಾರರೊಬ್ಬರಿಂದ ಕೊಂಡದ್ದು, ಅವರು ಎಷ್ಟು ಆಡಿದ್ದರೋ ತಿಳಿಯದು, ಮುಖದ ನಡುವೆ ಒಂದು ಕಡೆ ನುಣುಪಾಗಿ ಹೊಳೆಯುತ್ತದೆ. ಟವೆಲ್ ಒಂದಿದೆ, ಬೆವರಿಗೂ ಅದೇ, ಕ್ಲಬ್‌ಗೂ ಅದೇ.

ಹಳೆಯ ಕ್ಯಾಡಿ, ನಂದಿ

ಹಾಗಿದ್ದರೆ ನಿಮ್ಮ ತೋಳಿನಲ್ಲಿ ದೋಷ ಹುಡುಕುವ ಮೊದಲು ಚೀಲವನ್ನು ಸರಿಪಡಿಸಿ.

ಚಿಂತಾಮಣಿ ವೈದ್ಯೆ

ಚೆಂಡಿನ ವಿಷಯವನ್ನು ನಾನು ಪೂರ್ತಿಗೊಳಿಸುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಅದರಲ್ಲೇ.

ಅಗ್ಗದ ಎರಡು ಪದರದ ಚೆಂಡುಗಳ ಹೊರಕವಚ ಸಾಮಾನ್ಯವಾಗಿ ಅಯಾನೋಮರ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದ್ದು. ಸರ್ಲಿನ್ ಎಂಬುದು ಅದರ ಪ್ರಸಿದ್ಧ ವ್ಯಾಪಾರನಾಮ. ದುಬಾರಿ ಚೆಂಡುಗಳ ಹೊರಕವಚ ಯುರೆಥೇನ್‌ನದ್ದು, ತೆಳುವಾದರೂ ಮೆತ್ತಗಿರುತ್ತದೆ. 2000ನೇ ಇಸವಿಯ ಕೊನೆಯಲ್ಲಿ ಟೈಟ್ಲಿಸ್ಟ್ ಪ್ರೊ ವಿ1 ಬಂದ ಮೇಲೆ ಗಟ್ಟಿ ಒಡಲಿನ, ಯುರೆಥೇನ್ ಕವಚದ ಚೆಂಡೇ ವೃತ್ತಿಪರರ ವಾಡಿಕೆಯಾಯಿತು. ಡ್ರೈವರ್‌ನ ವೇಗದಲ್ಲಿ ಚೆಂಡಿನ ಒಡಲೆಲ್ಲ ಕುಗ್ಗುವುದರಿಂದ ಈ ಎರಡು ಬಗೆಗಳ ನಡುವೆ ಅಂತಹ ಅಂತರ ಕಾಣುವುದಿಲ್ಲ. ವೆಜ್‌ನ ಅರೆ ಹೊಡೆತದಲ್ಲಿ ಕೆಲಸ ಮಾಡುವುದು ಹೊರಕವಚವೊಂದೇ. ಗಟ್ಟಿ ಕವಚ ಜಾರುತ್ತದೆ, ಮೆತ್ತನೆಯದು ಕಚ್ಚುತ್ತದೆ. ಬೋಗಿ ಅವರು ಸ್ವಿಂಗ್‌ನಲ್ಲಿ ಏನನ್ನೂ ಬದಲಿಸದೆ ಚೆಂಡನ್ನು ಮಾತ್ರ ಬದಲಿಸಿದರೂ ಗ್ರೀನ್ ಮೇಲೆ ಫಲ ಕಾಣುತ್ತದೆ. ಎಲ್ಲಾ ಹೋಲ್‌ಗಳಿಗೂ ಒಂದೇ ಬಗೆಯ ಚೆಂಡನ್ನು ಬಳಸುವುದು ಮುಖ್ಯ. ಒಂದು ಹೋಲ್‌ಗೆ ಕೊಳದ ಚೆಂಡು, ಇನ್ನೊಂದಕ್ಕೆ ಹೊಸತು ಎಂದಾದರೆ ಯಾವುದು ಎಷ್ಟು ಓಡುತ್ತದೆ ಎಂಬ ಅಂದಾಜು ಎಂದಿಗೂ ಕೂಡಿಬರುವುದಿಲ್ಲ.

ಇನ್ನೊಂದು ಮಾತು. ನನ್ನ ಸ್ವಿಂಗ್‌ನ ವೇಗ ಕಡಿಮೆ. ಎಷ್ಟೇ ಒಳ್ಳೆಯ ಚೆಂಡು, ಎಷ್ಟೇ ಹೊಸ ಗ್ರೂವ್ ಇದ್ದರೂ ಗಂಡಸರಷ್ಟು ಸ್ಪಿನ್ ನನಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಚೆಂಡನ್ನು ನಿಲ್ಲಿಸುವುದು ಸ್ಪಿನ್ ಒಂದೇ ಅಲ್ಲ, ಅದು ಇಳಿಯುವ ಕೋನವೂ ಹೌದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಿ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು, ಅದೂ ಡ್ರೈವರ್ ದೂರದಲ್ಲಿ ಎದುರಾಳಿಗಳಿಗಿಂತ ಸಾಕಷ್ಟು ಹಿಂದಿದ್ದುಕೊಂಡು. ಅವರನ್ನು ಎತ್ತಿ ಹಿಡಿದದ್ದು ಗ್ರೀನ್ ಸುತ್ತಲಿನ ಆಟ ಮತ್ತು ಪಟಿಂಗ್. ಚೆಂಡು ಎಲ್ಲಿ ಬೀಳಬೇಕು, ಬಿದ್ದ ಮೇಲೆ ಎಷ್ಟು ಓಡಬೇಕು ಎಂಬ ಲೆಕ್ಕ ಖಚಿತವಾಗಿದ್ದರೆ ಓಡುವ ಚೆಂಡೂ ಪಿನ್ ಪಕ್ಕದಲ್ಲೇ ನಿಲ್ಲುತ್ತದೆ.

ಕೆಜಿಎಫ್ ಮೊಮ್ಮಗ

ವೈದ್ಯೆಯವರ ಕೊನೆಯ ಮಾತಿಗೆ ನನ್ನ ಪೂರ್ತಿ ಸಮ್ಮತಿ ಇದೆ, ಇಂಜಿನಿಯರ್ ಅವರ ತಗ್ಗು ಹೊಡೆತಕ್ಕೆ ಇಲ್ಲ. ನನ್ನ ತಾತ ಚಾಂಪಿಯನ್ ರೀಫ್‌ನಲ್ಲಿ ಗಣಿ ಕೆಲಸ ಮಾಡಿದವರು. ಗಣಿಯ ಬಿಳಿಯ ಅಧಿಕಾರಿಗಳು ಗಾಲ್ಫ್ ಆಡುತ್ತಿದ್ದ ನೆಲದ ಗುಣ ನನಗೆ ಮನೆಮಾತಿನಿಂದಲೇ ಗೊತ್ತು, ಆಮೇಲೆ ಕಾಲಿನಿಂದಲೂ ಗೊತ್ತಾಯಿತು. ಜೀವನದಿಯೊಂದಿಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಯ ನೀರನ್ನು ಅಳೆದು ಬಿಡುವ ಅಂಗಳದಲ್ಲಿ ಚೈತ್ರ, ವೈಶಾಖದ ಹೊತ್ತಿಗೆ ನೆಲ ಕಲ್ಲಾಗಿರುತ್ತದೆ. ಅಂತಹ ಗ್ರೀನ್ ಮೇಲೆ 24 ಡಿಗ್ರಿಯಲ್ಲಿ ಹೊರಟ ಚೆಂಡು ಎಷ್ಟೇ ಸುತ್ತುತ್ತಿದ್ದರೂ ಮೊದಲ ಪುಟಿತಕ್ಕೆ ಮುಂದಕ್ಕೆ ಚಿಮ್ಮುತ್ತದೆ. ವೃತ್ತಿಪರರ ಅಂಕಿಗಳನ್ನು ನೀರುಂಡ ಹಸಿರು ಅಂಗಳಗಳಿಂದ ತಂದು ಇಲ್ಲಿ ಹಚ್ಚಬಾರದು.

ಬೌನ್ಸ್ ಬಗ್ಗೆ ಯಾರೂ ಹೇಳಲಿಲ್ಲವೆಂದು ಆಶ್ಚರ್ಯವಾಯಿತು. ವೆಜ್‌ನ ಅಡಿಭಾಗ ನೆಲಕ್ಕೆ ಹೋಲಿಸಿದರೆ ಎಷ್ಟು ಉಬ್ಬಿದೆ ಎಂಬುದರ ಅಳತೆ ಅದು. ಅಮೆರಿಕದ ಆಟಗಾರ ಜೀನ್ ಸರಾಜನ್ 1932ರಲ್ಲಿ ಬಂಕರ್‌ಗೆಂದೇ (ಮರಳುಗುಂಡಿಗೆಂದೇ) ದಪ್ಪ ಅಡಿಯ ವೆಜ್ ಅನ್ನು ರೂಢಿಗೆ ತಂದದ್ದು ಮರಳಿನಲ್ಲಿ ಕ್ಲಬ್ ಹೂತುಹೋಗದಿರಲಿ ಎಂದು. ಅದೇ 12-14 ಡಿಗ್ರಿ ಬೌನ್ಸ್‌ನ ಕ್ಲಬ್ ಅನ್ನು ಹುಲ್ಲು ತೆಳುವಾದ ನಮ್ಮ ಕೆಂಪು ನೆಲದ ಮೇಲೆ ಬಳಸಿದರೆ ಅಡಿಭಾಗ ನೆಲಕ್ಕೆ ಬಡಿದು ಮೇಲಕ್ಕೆ ಪುಟಿದು ಮುಂದಿನ ಅಂಚು ಚೆಂಡಿನ ಹೊಟ್ಟೆಗೆ ತಾಗುತ್ತದೆ. ಸ್ಪಿನ್ ಮಾತಿರಲಿ, ಚೆಂಡು ಗ್ರೀನ್ ದಾಟಿ ಪಕ್ಕದ ನೀಲಗಿರಿ ತೋಪಿಗೆ ಹೋಗುತ್ತದೆ. ಇಲ್ಲಿಗೆ 6-8 ಡಿಗ್ರಿ ಸಾಕು, ಮಳೆಗಾಲಕ್ಕೆ 10 ಇರಲಿ.

ಮಾಲೂರು ಇಂಜಿನಿಯರ್

ಬೌನ್ಸ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. 24 ಡಿಗ್ರಿ ಎಂದದ್ದು ಪಿಚಿಂಗ್ ವೆಜ್‌ನ ಪೂರ್ತಿ ಹೊಡೆತಕ್ಕೆ. 56ರಿಂದ ಹೊಡೆಯುವ 70 ಗಜದ ಪಿಚ್ 30 ಡಿಗ್ರಿಯ ಆಸುಪಾಸಿನಲ್ಲಿ ಹೊರಟರೆ ಚೆನ್ನು. ನನ್ನ ವಾದ ತಗ್ಗಾಗಿ ಹೊಡೆಯಿರಿ ಎನ್ನುವುದಲ್ಲ. ಒಂದೇ ಕ್ಲಬ್, ಒಂದೇ ವೇಗ ಇದ್ದಾಗ ಚೆಂಡು ಅನಿರೀಕ್ಷಿತವಾಗಿ ಎತ್ತರಕ್ಕೆ ಹೊರಟರೆ ಅದು ಜಾರಿದೆ ಎಂದರ್ಥ, ಇಲ್ಲವೇ ಮುಖದ ಮೇಲ್ಭಾಗಕ್ಕೆ ತಾಗಿದೆ ಎಂದರ್ಥ. ಮುಖದ ಕೆಳಗಿನ ಗ್ರೂವ್‌ಗಳಿಗೆ ತಾಗಿದ ಚೆಂಡು ತಗ್ಗಾಗಿ, ಹೆಚ್ಚು ಸ್ಪಿನ್‌ನೊಂದಿಗೆ ಹೊರಡುತ್ತದೆ. ಮೇಲೆ ತಾಗಿದ್ದು ಎತ್ತರವಾಗಿ, ಸತ್ತಂತೆ ಹೋಗುತ್ತದೆ. ಬೋಗಿ ಅವರ ವೆಜ್‌ನಲ್ಲಿ ಹೊಳೆಯುತ್ತಿರುವ ಭಾಗ ಮುಖದ ಕೆಳಗಿದೆಯೋ ನಡುವೆಯೋ ಮೇಲೋ ಎಂದು ನೋಡಿದರೆ ಹಿಂದಿನ ಒಡೆಯರ ಹೊಡೆತದ ಜಾತಕವೇ ಸಿಗುತ್ತದೆ.

ಎತ್ತರದ ಪ್ರಶ್ನೆಯನ್ನು ಯಾರಾದರೂ ಎತ್ತುವ ಮೊದಲು ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು 8 ಪ್ರತಿಶತ ಕಡಿಮೆ. ಇದರಿಂದ ಮುಖದ ಮೇಲೆ ಹುಟ್ಟುವ ಸ್ಪಿನ್ ಕಡಿಮೆಯಾಗುವುದಿಲ್ಲ. ಆದರೆ ಸುತ್ತುವ ಚೆಂಡನ್ನು ಮೇಲಕ್ಕೆ ಎತ್ತಿ ಹಿಡಿಯುವ ಗಾಳಿಯ ಬಲ ಸ್ವಲ್ಪ ತಗ್ಗುತ್ತದೆ, ಚೆಂಡು ಇಳಿಯುವ ಕೋನವೂ ಕೊಂಚ ಮಟ್ಟಸವಾಗುತ್ತದೆ. ವೆಜ್‌ನ ದೂರಕ್ಕೆ ಇದು ಅಲ್ಪ ಸಂಗತಿ. ಮಂಗಳೂರಿನಲ್ಲಿ ಆಡಿ ಬಂದವರು ಮಾತ್ರ ಗಮನಿಸಬಹುದು.

ಕೆಜಿಎಫ್ ಮೊಮ್ಮಗ

30 ಡಿಗ್ರಿ ಎಂದರೂ ವೈಶಾಖದಲ್ಲಿ ನಾನು ಗ್ರೀನ್‌ನ ಮುಂದೆಯೇ ಬೀಳಿಸಿ ಉರುಳಿಸುವವನು. ಅಲ್ಲಿಗೆ ನಮ್ಮಿಬ್ಬರ ದಾರಿ ಬೇರೆ.

ಗೌರಿಬಿದನೂರು ಮೇಷ್ಟ್ರು

ನಿಯಮಗಳ ಕಡೆಯಿಂದ ಕೆಲವು ಮಾತು ಸೇರಿಸುವ ಅಗತ್ಯವಿದೆ, ಏಕೆಂದರೆ ಸ್ಪಿನ್ ಬೇಕೆನ್ನುವವರಿಗೆ ಮೊದಲು ಹೊಳೆಯುವುದು ಗ್ರೂವ್ ಹರಿತ ಮಾಡುವ ಸಣ್ಣ ಉಪಕರಣ.

ಹಿಂದೆ ಚೌಕಾಕಾರದ ಆಳವಾದ ಗ್ರೂವ್‌ಗಳಿದ್ದಾಗ ರಫ್‌ನಿಂದಲೂ (ಉದ್ದ ಹುಲ್ಲಿನಿಂದಲೂ) ಫೇರ್‌ವೇಯಿಂದ ಹೊಡೆದಷ್ಟೇ ಸ್ಪಿನ್ ಸಿಗುತ್ತಿತ್ತು. ನೇರವಾಗಿ ಹೊಡೆಯುವುದಕ್ಕೆ ಬೆಲೆಯೇ ಇಲ್ಲದಂತಾಯಿತೆಂದು ಗಾಲ್ಫ್‌ನ ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು 2008ರಲ್ಲಿ ಹೊಸ ಮಿತಿಗಳನ್ನು ಪ್ರಕಟಿಸಿದವು. 2010ರ ಜನವರಿ 1ರಿಂದ ಅವು ಜಾರಿಗೆ ಬಂದವು. 25 ಡಿಗ್ರಿಗಿಂತ ಕಡಿಮೆಯಿಲ್ಲದ ಲಾಫ್ಟ್‌ನ ಕ್ಲಬ್‌ಗಳಲ್ಲಿ ಗ್ರೂವ್‌ನ ಅಂಚು ಒಂದು ಅಂಗುಲದ ನೂರನೆಯ ಒಂದು ಭಾಗಕ್ಕಿಂತ ಕಡಿಮೆ ತ್ರಿಜ್ಯದಷ್ಟು ಚೂಪಾಗಿರಬಾರದು, ಒಳಗಿನ ಅವಕಾಶಕ್ಕೂ ಮಿತಿ ಉಂಟು. ಆ ವರ್ಷವೇ ಅಮೆರಿಕದ ವೃತ್ತಿಪರ ಆಟಗಾರ ಫಿಲ್ ಮಿಕಲ್ಸನ್ ಹಳೆಯ ಪಿಂಗ್ ಐ2 ವೆಜ್ ಅನ್ನು ಚೀಲದಲ್ಲಿಟ್ಟುಕೊಂಡು ಬಂದು ಗದ್ದಲವೆಬ್ಬಿಸಿದ್ದರು. 1990ರ ಒಂದು ಒಪ್ಪಂದದಿಂದಾಗಿ ಆ ಕ್ಲಬ್‌ಗೆ ವಿನಾಯಿತಿ ಇತ್ತು.

ಮನೆಯಲ್ಲಿ ಉಪಕರಣದಿಂದ ಕೆರೆದ ಗ್ರೂವ್ ಈ ಮಿತಿಯೊಳಗೆ ಉಳಿದಿದೆಯೇ ಎಂದು ಅಳೆಯುವ ಸಾಧನ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಸ್ನೇಹಿತರೊಂದಿಗಿನ ಆಟಕ್ಕೆ ಅಭ್ಯಂತರವಿಲ್ಲ. ಪಂದ್ಯಾವಳಿಗೆ ಅಂತಹ ಕ್ಲಬ್ ತರಬೇಡಿ. ಬಳಸಿ ಬಳಸಿ ಸವೆದ ಗ್ರೂವ್ ಮಾತ್ರ ನಿಯಮಬದ್ಧವೇ, ಅದಕ್ಕೆ ಹೆದರಬೇಕಾಗಿಲ್ಲ. 75 ಸುತ್ತು ಆಡಿದ ಮೇಲೆ ವೆಜ್ ಬದಲಿಸಿ ಎಂದು ತಯಾರಕರು ಹೇಳುವುದುಂಟು; ಮಾರುವವರ ಮಾತೆಂದು ಅರ್ಧ ಕಳೆದರೂ, ಬಂಕರ್ ಮರಳಿನಲ್ಲಿ ವಾರವಾರ ಉಜ್ಜಿದ ಲೋಹ ಸವೆಯದೆ ಇರುವುದಿಲ್ಲ.

ಚೆಂಡನ್ನು ಬೇಕೆಂದೇ ಕೆರೆದು ಒರಟು ಮಾಡುವುದು, ಬಿಸಿ ಮಾಡುವುದು, ಮುಖಕ್ಕೆ ಎಂಜಲನ್ನೋ ಎಣ್ಣೆಯನ್ನೋ ಹಚ್ಚುವುದು, ಇವೆಲ್ಲ ನಾಲ್ಕನೆಯ ನಿಯಮದ ಕೆಳಗೆ ಬರುತ್ತವೆ. ಹಾಗೆ ಮಾಡಿ ಹೊಡೆದರೆ ದಂಡ ಒಂದೆರಡು ಹೊಡೆತವಲ್ಲ, ಪಂದ್ಯದಿಂದಲೇ ಹೊರಗೆ. ಒರೆಸಿ ಶುಚಿಮಾಡುವುದಕ್ಕೆ ಅಡ್ಡಿಯಿಲ್ಲ.

ಬಂಗಾರಪೇಟೆ ಬೋಗಿ

ಎಲ್ಲರಿಗೂ ವಂದನೆ. ಹೊಡೆಯುವ ವಿಧಾನದ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ. ಕಡಿದಾಗಿ ಇಳಿಸುವುದು ಬೇಡವೆಂದಾದರೆ ಮತ್ತೇನು ಮಾಡಬೇಕು?

ಹಳೆಯ ಕ್ಯಾಡಿ, ನಂದಿ

ಒಳ್ಳೆಯ ವೆಜ್ ಆಟಗಾರರನ್ನು ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. ಪಾದಗಳು ಹತ್ತಿರವಿರುತ್ತವೆ, ಭಾರ ಮುಂದಿನ ಕಾಲಿನ ಮೇಲೆ ಸ್ವಲ್ಪ ಹೆಚ್ಚಿರುತ್ತದೆ ಮತ್ತು ಹೊಡೆತ ಮುಗಿಯುವವರೆಗೂ ಅಲ್ಲೇ ಉಳಿಯುತ್ತದೆ. ಚೆಂಡು ನಿಲುವಿನ ನಡುವೆ ಇರುತ್ತದೆ. ಅದನ್ನು ಹಿಂದಿನ ಪಾದದ ಬಳಿಗೆ ತಂದರೆ ಸ್ಪಿನ್ ಬರುತ್ತದೆ ಎಂಬ ನಂಬಿಕೆ ಇದೆ, ಆದರೆ ಹಾಗೆ ಮಾಡಿದಾಗ ಮುಂದಿನ ಅಂಚು ನೆಲಕ್ಕೆ ಇರಿಯುತ್ತದೆ. ಕೈಗಳು ಚೆಂಡಿಗಿಂತ ಕೂದಲೆಳೆಯಷ್ಟು ಮುಂದೆ. ಹಿಡಿತ ಸಡಿಲ. ಹಿಂದಕ್ಕೆ ಎತ್ತುವುದು ಚಿಕ್ಕದು, ಮುಂದಕ್ಕೆ ಬರುವಾಗ ವೇಗ ಹೆಚ್ಚುತ್ತಲೇ ಇರಬೇಕು, ಎದೆ ಗುರಿಯ ಕಡೆಗೆ ತಿರುಗುತ್ತಲೇ ಇರಬೇಕು. ಎದೆ ನಿಂತಿತೆಂದರೆ ಮಣಿಕಟ್ಟು ಮುಂದಾಗಿ ಚೆಂಡನ್ನು ಎತ್ತಿಹಾಕಲು ನೋಡುತ್ತದೆ. ಅಲ್ಲಿಗೆ ಚೆಂಡು ಮುಖದ ಮೇಲ್ಭಾಗಕ್ಕೆ ತಾಗಿತೆಂದೇ ಲೆಕ್ಕ.

ನಮ್ಮಲ್ಲಿ ಬಹುಪಾಲು ಆಟಗಾರರು ಇದರ ತದ್ವಿರುದ್ಧವಾಗಿ ಮಾಡುತ್ತಾರೆ: ದೊಡ್ಡದಾಗಿ ಹಿಂದಕ್ಕೆ ಎತ್ತಿ, ದೂರ ಹೋಗಿಬಿಡುತ್ತದೆ ಎಂಬ ಭಯದಿಂದ ಚೆಂಡಿನ ಬಳಿ ಬಂದಾಗ ಹಿಂಜರಿಯುತ್ತಾರೆ. ವೇಗ ಸತ್ತಲ್ಲಿ ಸ್ಪಿನ್ ಹುಟ್ಟುವುದಿಲ್ಲ. ಡಿವಟ್ ನೋಡಿದರೆ ಸಾಕು, ಅದು ಚೆಂಡು ಇದ್ದ ಜಾಗದ ಮುಂದೆ ಶುರುವಾಗಬೇಕು, ತೆಳುವಾಗಿರಬೇಕು.

ಪರೀಕ್ಷೆಗೆ ಹೀಗೆ ಮಾಡಿ. ವೆಜ್‌ನ ಮುಖಕ್ಕೆ ಟಾಲ್ಕಂ ಪೌಡರನ್ನು ತೆಳುವಾಗಿ ಸವರಿ ಹೊಡೆದರೆ ಚೆಂಡು ತಾಗಿದ ಗುರುತು ಅಚ್ಚಾಗಿ ಉಳಿಯುತ್ತದೆ. ಪೌಡರೂ ಜಾರಿಸುವ ವಸ್ತುವೇ ಆದ್ದರಿಂದ ಆ ಹೊಡೆತಗಳಲ್ಲಿ ಸ್ಪಿನ್ ನೋಡಬೇಡಿ, ಗುರುತನ್ನು ಮಾತ್ರ ನೋಡಿ. ಇದು ಅಭ್ಯಾಸದ ಜಾಗದಲ್ಲಿ ಮಾತ್ರ; ಪಂದ್ಯದಲ್ಲಿ ಮಾಡಿದರೆ ಮೇಷ್ಟ್ರು ಬಿಡುವುದಿಲ್ಲ. ಗುರುತು ಕೆಳಗಿನ ಎರಡನೆಯ ಗ್ರೂವ್‌ನಿಂದ ಐದನೆಯದರವರೆಗೆ ಇದ್ದರೆ ನಿಮ್ಮ ಹೊಡೆತದಲ್ಲಿ ದೋಷವಿಲ್ಲ.

ರಫ್‌ನಲ್ಲಿ ಚೆಂಡು ಅರ್ಧ ಮುಳುಗಿದ್ದರೆ ಈ ಯಾವುದೂ ಅನ್ವಯಿಸುವುದಿಲ್ಲ. ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡಾಗ ಯಾವ ವಿದ್ಯೆಯಿಂದಲೂ ಪೂರ್ತಿ ಸ್ಪಿನ್ ಬರಿಸಲಾಗದು. ಓಡುತ್ತದೆ ಎಂದು ಒಪ್ಪಿಕೊಂಡು ಗ್ರೀನ್‌ನ ಮುಂಭಾಗಕ್ಕೆ ಬೀಳಿಸಿ.

ಚಿಂತಾಮಣಿ ವೈದ್ಯೆ

ಹುಲ್ಲಿನ ಒಲವನ್ನೂ ಸೇರಿಸಿಕೊಳ್ಳಿ. ನಮ್ಮ ಸೀಮೆಯ ಗ್ರೀನ್‌ಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ, ಹೆಚ್ಚಾಗಿ ನೀರು ಹರಿದುಹೋಗುವ ಕಡೆಗೆ. ಮಂಕಾಗಿ ಕಂಡರೆ ಅದು ನಿಮ್ಮ ಕಡೆಗೆ ವಾಲಿದೆ ಎಂದರ್ಥ. ಹೊಳೆದರೆ ನಿಮ್ಮಿಂದ ಆಚೆಗೆ ವಾಲಿದೆ. ಎದುರು ವಾಲಿದ ಹುಲ್ಲಿನ ಮೇಲೆ ಸಾಧಾರಣ ಸ್ಪಿನ್ನಿನ ಚೆಂಡೂ ತಟ್ಟನೆ ನಿಲ್ಲುತ್ತದೆ. ಹೊಳೆಯುವ ಕಡೆ ಎಷ್ಟು ಸ್ಪಿನ್ ಕೊಟ್ಟರೂ ಒಂದೆರಡು ಗಜ ಜಾರಿಯೇ ನಿಲ್ಲುತ್ತದೆ.

ಬಂಗಾರಪೇಟೆ ಬೋಗಿ

ಈ ಭಾನುವಾರ ಎಲ್ಲವನ್ನೂ ಒಟ್ಟಿಗೆ ಬದಲಿಸದೆ ಒಂದೊಂದಾಗಿ ನೋಡಿದೆ. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಗ್ರೂವ್ ತೊಳೆದು, ಪ್ರತ್ಯೇಕ ಒಣ ಟವೆಲ್ ಇಟ್ಟುಕೊಂಡು, ಬಿಸಿಲೇರಿದ ಮೇಲೆ ಹೊಡೆದಾಗಲೇ ಹಳೆಯ ಚೆಂಡಿನ ಓಟ ಕಣ್ಣಿಗೆ ಕಾಣುವಷ್ಟು ತಗ್ಗಿತು. ಯುರೆಥೇನ್ ಚೆಂಡಿನಿಂದ ಹೊಡೆದಾಗ ಎರಡನೆಯ ಪುಟಿತಕ್ಕೆ ತಡೆಯುವುದನ್ನು ಮೊದಲ ಬಾರಿಗೆ ಕಂಡೆ. ಪೌಡರ್ ಗುರುತು ಮುಖದ ನಡುವಿಗಿಂತ ಮೇಲೇ ಬಿತ್ತು, ಆದ್ದರಿಂದ ಎದೆ ತಿರುಗಿಸುವ ಕೆಲಸ ಬಾಕಿ ಇದೆ. 60 ಡಿಗ್ರಿಯ ಯೋಚನೆಯನ್ನು ಬಿಟ್ಟು, 8 ಡಿಗ್ರಿ ಬೌನ್ಸ್‌ನ ಹೊಸ 56 ಕೊಳ್ಳಬೇಕೆಂದಿದ್ದೇನೆ. ಲೇಪನವಿಲ್ಲದ, ತುಕ್ಕು ಹಿಡಿಯುವ ವೆಜ್‌ಗಳು ಹೆಚ್ಚು ಸ್ಪಿನ್ ಕೊಡುತ್ತವೆ ಎನ್ನುತ್ತಾರಲ್ಲ, ಅದು ನಿಜವೇ? ಮತ್ತೊಂದು ಪ್ರಶ್ನೆ: ಕಾರ್ತಿಕದ ಹಿಂಗಾರು ಮಳೆಯಲ್ಲಿ ಚೆಂಡಿಗೆ ಕೆಸರು ಅಂಟಿದಾಗ ಒರೆಸಬಹುದೇ?

ಮಾಲೂರು ಇಂಜಿನಿಯರ್

ತುಕ್ಕಿನಿಂದ ಸ್ಪಿನ್ ಹೆಚ್ಚುತ್ತದೆ ಎಂದು ನಂಬಿ ಕೊಳ್ಳಬೇಡಿ. ಲೇಪನವಿಲ್ಲದ ಮುಖ ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ, ಅಷ್ಟು ಅನುಕೂಲ ಖಂಡಿತ ಇದೆ. ಉಳಿದದ್ದು ಅಭಿರುಚಿ.

ಗೌರಿಬಿದನೂರು ಮೇಷ್ಟ್ರು

ಕೆಸರಿನ ವಿಷಯ. ಗ್ರೀನ್ ಮೇಲಿದ್ದರೆ ಗುರುತಿಟ್ಟು ಎತ್ತಿ ಒರೆಸಬಹುದು. ಫೇರ್‌ವೇಯಲ್ಲಿ ಸುಮ್ಮನೆ ಎತ್ತಿ ಒರೆಸಿದರೆ ಒಂದು ಹೊಡೆತದ ದಂಡ. ಆದರೆ ಚೆಂಡು ಬಿದ್ದ ರಭಸಕ್ಕೆ ತಾನೇ ಮಾಡಿದ ಗುಳಿಯಲ್ಲಿ ಹೂತಿದ್ದರೆ 16.3ನೇ ನಿಯಮದಂತೆ ದಂಡವಿಲ್ಲದೆ ಎತ್ತಿ, ಶುಚಿಮಾಡಿ, ಆ ಗುಳಿಯ ನೇರ ಹಿಂದಿನ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಬಿಡಬಹುದು. ಬಂಕರ್‌ನಲ್ಲಿ ಈ ವಿನಾಯಿತಿ ಇಲ್ಲ. ಮಳೆ ಹೆಚ್ಚಾದ ದಿನ ಸಮಿತಿಯವರು ಸ್ಥಳೀಯ ನಿಯಮ ಹಾಕಿ ಫೇರ್‌ವೇಯ ಚೆಂಡನ್ನು ಎತ್ತಿ ಒರೆಸಿ ಇಡಲು ಅನುಮತಿ ಕೊಡುವುದುಂಟು, ಮೊದಲ ಟೀಗೆ ಹೋಗುವ ಮುನ್ನ ಕೌಂಟರ್‌ನಲ್ಲಿ ಕೇಳಿಕೊಳ್ಳಿ.